ಕುದಿತ ನಿಂತ ಮಧ್ಯಾಹ್ನ

ನಗಬೇಡಿ. ಲೈಟ್ ಆರಿಸಲೂ ಬೇಡಿ. ಸುಳ್ಳು ಹೇಳಿದರೆ ನನಗೇನು ಯಾರೂ ಬಂಗಾರದ ಬಳೆ ಮಾಡಿಸಿಕೊಡುವುದಿಲ್ಲ. ಇದು ನನ್ನ ಮೈದುನ ಶರಣಕುಮಾರನಿಗೆ ಆಗಿದ್ದು. ನಮ್ಮ ಯಜಮಾನರ ಚಿಕ್ಕಪ್ಪನ ಮಗ, ಆಗ ನಾರಾಯಣಗೂಡದಲ್ಲಿ ನಮ್ಮ ಮನೆಯಲ್ಲೇ ಇದ್ದ.

ಅವತ್ತು ರಾತ್ರಿ ಹತ್ತೂವರೆ. ನಮ್ಮ ಗಲ್ಲಿಯ ತುದಿಗೊಂದು ಹಳೆಯ ಬಾವಿ ಇದೆ, ಮೇಲೆ ಕಬ್ಬಿಣದ ಜಾಲರಿ. ದಿನಾ ಶಿಳ್ಳೆ ಹಾಕುತ್ತ ಅದನ್ನು ದಾಟುವವನು ಅವತ್ತು ಓಡಿ ಬಂದ. ಚಪ್ಪಲಿ ಕೈಯಲ್ಲಿ. ಟಪ್ ಟಪ್ ಟಪ್... ಬರಿಗಾಲಿನ ಸದ್ದು. ಬಾಗಿಲಲ್ಲಿ ನಿಂತ.

"ವೈನಿ... ನನ್ನ ಹಿಂದ ಯಾರರ ಬಂದಾರೇನು ನೋಡ್ರಿ."

ನೋಡಿದೆ. "ಯಾರೂ ಇಲ್ಲೋ."

"ಖರೇನ?"

"ಖರೇನ. ಏನಾತು?"

ಅಡುಗೆಮನೆಯಲ್ಲಿ ಕೂರಿಸಿ ನೀರು ಕೊಟ್ಟೆ. ಒಂದೇ ಗುಟುಕಿಗೆ ಕುಡಿದ. ಆಮೇಲೆ ಹೇಳಿದ.

ಅವನ ಕೆಲಸ ಊರ ಹೊರಗಿನ ಒಂದು ಪರೀಕ್ಷಾ ಶೆಡ್ಡಿನಲ್ಲಿ. ದಪ್ಪ ಗಾಜಿನ ಪೆಟ್ಟಿಗೆಯೊಳಗೆ ಮುಷ್ಟಿಯಷ್ಟು ತಾಮ್ರದ ಗಟ್ಟಿ. ಕೆಳಗಿನಿಂದ ಕರೆಂಟಿನ ಕಾವು, ಮೇಲಿನಿಂದ ಪೆನ್ಸಿಲ್ ದಪ್ಪದ ನೀರಿನ ಧಾರೆ. ಆ ಧಾರೆ ಎಷ್ಟು ಕಾವನ್ನು ಹೊತ್ತೊಯ್ಯಬಲ್ಲದು, ಎಲ್ಲಿ ಸೋಲುತ್ತದೆ... ಆ ಗಡಿ ಹುಡುಕಬೇಕು. ಕಾವು ಏರಿದಂತೆ ಮೊದಲು ಚಿಟ್ ಚಿಟ್. ಆಮೇಲೆ ಚುರ್ರ್. ಆಮೇಲೆ ಘೊರ್ರ್ ಅಂತ ಒಂದೇ ಸಮನೆ ಕುದಿತ. ಸದ್ದಿದ್ದರೆ ಭಯವಿಲ್ಲ, ನೀರು ತಾಮ್ರವನ್ನು ಮುಟ್ಟುತ್ತಿದೆ ಅಂತ ಅರ್ಥ. ಗಡಿ ದಾಟಿದರೆ... ಸದ್ದು ಇಳಿಯುತ್ತದೆ.

ದೋಸೆ ಹೆಂಚು ವಿಪರೀತ ಕಾದಾಗ ನೀರು ಚಿಮುಕಿಸಿ ನೋಡಿ. ಚುರ್ ಅನ್ನುವುದಿಲ್ಲ. ಹನಿ ಗುಂಡಗಾಗಿ ಓಡಾಡುತ್ತದೆ, ನಡುವೆ ಹಬೆ ಅಡ್ಡ ನಿಂತಿರುತ್ತದೆ. ಅಲ್ಲೂ ಹಾಗೇ. ನೀರು ಸುರಿಯುತ್ತಲೇ ಇರುತ್ತದೆ, ತಾಮ್ರಕ್ಕೆ ತಾಕುವುದಿಲ್ಲ. ಕ್ಷಣದಲ್ಲಿ ಗಟ್ಟಿ ಕೆಂಪಾಗುತ್ತದೆ, ಗಾಜು ಸಿಡಿಯುತ್ತದೆ.

ಅಲ್ಲಿ ಬೀದರ ಕಡೆಯ ಕಾಶಿನಾಥ ಅಂತ ಹಿರಿಯ ಮೆಕ್ಯಾನಿಕ್ ಇದ್ದರು. ಮೀಟರ್ ನೋಡುವವರಲ್ಲ, ತಲೆ ವಾರೆ ಮಾಡಿ ಕುದಿತ ಕೇಳುವವರು. ಸದ್ದು ಒಂದಿಷ್ಟು ಇಳಿದರೂ ಪೈಪಿಗೆ ಬೋಲ್ಟು ತಿರುಗಿಸುವ ಪಾನಾ ಬಡಿಯುತ್ತಿದ್ದರು. ಟಣ್. ಟಣ್. ಟಣ್. ಪಂಪಿನ ಗದ್ದಲದಲ್ಲಿ ಕೂಗಿದರೆ ಕೇಳದಲ್ಲ, ಅದಕ್ಕೆ. ಮೂರು ಪೆಟ್ಟು ಅಂದರೆ ಕಾವು ಬಂದ್. ಆ ವರ್ಷದ ಸಂಕ್ರಾಂತಿಗೆ ಅವರು ನಿದ್ದೆಯಲ್ಲೇ ತೀರಿಕೊಂಡರು.

ಅವರ ಬದಲಿಗೆ ತಾನೇ ಕರೆಂಟ್ ಕಡಿಯುವ ಒಂದು ಯಂತ್ರ ಬಂತು. ಪುಕ್ಕಲು ಯಂತ್ರ, ಗಡಿ ಇನ್ನೂ ಎಲ್ಲೋ ಇರುವಾಗಲೇ ಕಡಿದುಬಿಡುತ್ತಿತ್ತು. ಬೇಕಾದ ಅಂಕಿ ಸಿಗದೆ ಶರಣುವಿಗೆ ಮೇಲಿನವರ ಬೈಗುಳ. ಅವತ್ತು ಮಧ್ಯಾಹ್ನ ನಮ್ಮ ಜಾಣ ಒಂದು ತುಂಡು ತಂತಿ ಜೋಡಿಸಿ, ಕರೆಂಟ್ ಕಡಿಯದ ಹಾಗೆ ಅದರ ಬಾಯಿ ಮುಚ್ಚಿಸಿದ. ಇದೊಂದು ಸಲ ಅಂತ. ಜೊತೆಗಿದ್ದ ಹೊಸ ಹುಡುಗಿ ಕಾವ್ಯಾಗೂ ಹೇಳಲಿಲ್ಲ. ನನಗೆ ಇವತ್ತಿಗೂ ಸಿಟ್ಟು ಬರುವುದು ಅದಕ್ಕೇ.

ಅಂಕಿ ಏರಿತು... ಏರಿತು... ಹಿಂದೆಂದೂ ಕಾಣದಷ್ಟು. ಶರಣು ಪರದೆಯಿಂದ ಕಣ್ಣು ಕೀಳಲಿಲ್ಲ. ಯಂತ್ರ ಕಾವಲಿಗಿದೆ ಅನ್ನುವ ಧೈರ್ಯದಲ್ಲಿ ಕಾವ್ಯಾ ಗಾಜಿನ ಮುಂದಿನ ಕ್ಯಾಮೆರಾ ಸರಿಮಾಡಲು ಬಗ್ಗಿದಳು. ಮುಖಕ್ಕೂ ಗಾಜಿಗೂ ಒಂದು ಗೇಣು.

ಟಣ್.

ಪೈಪು ಕಾದ ಸದ್ದು ಅಂದುಕೊಂಡ.

ಟಣ್... ಟಣ್.

ಆಗ ತಿಳಿಯಿತು. ಪಂಪು ಗುಂಯ್ ಅನ್ನುತ್ತಿದೆ. ಅದರ ಕೆಳಗೆ ಕುದಿತ ಇಲ್ಲ. ನೀರು ಬೀಳುತ್ತಿದೆ... ಸದ್ದಿಲ್ಲ. ಕೂಗಿದರೆ ಪಂಪಿನ ಗದ್ದಲದಲ್ಲಿ ಕಾವ್ಯಾಗೆ ಕೇಳದು. ಸ್ವಿಚ್ಚು ಎದುರಿಗೇ ಇದೆ, ಕೈ ಏಳುತ್ತಿಲ್ಲ. ಅಷ್ಟರಲ್ಲಿ ಎಡ ಹೆಗಲ ಮೇಲೆ ಹಿಂದಿನಿಂದ ಒಂದು ಅಂಗೈ ಬಿತ್ತು. ಭಾರವಾಗಿ. ಮುಂದಕ್ಕೆ ದಬ್ಬಿತು. ಅವನ ಎದೆ ಹೋಗಿ ಸ್ವಿಚ್ಚಿಗೆ ಬಡಿಯಿತು.

ಖಟ್.

ತಾಮ್ರ ಕೆಂಡದ ಹಾಗೆ ಕೆಂಪಾಗಿತ್ತು. ಗಾಜಿನಲ್ಲಿ ಒಂದು ಸಣ್ಣ ಬಿರುಕು, ಅಷ್ಟೇ. ಕಾವ್ಯಾಳ ಕಣ್ಣು ಉಳಿದವು. ಅವಳು ಹತ್ತಿರ ಬಂದು ಪಿಸುಗುಟ್ಟಿದಳು.

"ಸರ್, ಖಟ್ ಅಂದಾಗ ತಿರುಗಿ ನೋಡಿದೆ, ನಿಮ್ಮ ಹಿಂದ ನಿಂತಿದ್ರಲ್ಲ... ಅವರು ಯಾರ್ರಿ?"

"ಹೆಂಗಿದ್ರು?"

"ವಯಸ್ಸಾದವರು. ತಲಿ ವಾರಿ ಮಾಡಿ ಏನೋ ಕೇಳಾಕತ್ತಿದ್ರು."

ಅವಳು ಕೆಲಸಕ್ಕೆ ಸೇರಿದ್ದು ಯುಗಾದಿ ಕಳೆದ ಮೇಲೆ. ಕಾಶಿನಾಥರ ಫೋಟೊ ಕೂಡ ಕಂಡವಳಲ್ಲ.

ಶರಣು ತಂತಿ ಬಿಚ್ಚಿ ಸಾಹೇಬರ ಮೇಜಿನ ಮೇಲಿಟ್ಟು ತಪ್ಪು ಒಪ್ಪಿಕೊಂಡನಂತೆ. ವಿಚಾರಣೆ ಮುಗಿಯುವಾಗ ರಾತ್ರಿಯಾಗಿತ್ತು. ಇಷ್ಟು ಕೇಳಿ ನಾನೇ ಸಮಾಧಾನ ಹೇಳಿದೆ.

"ಆ ಹುಡುಗಿ ಜೀವಾ ಉಳಿಸ್ಯಾರ, ನಿನ್ನ ಮರ್ಯಾದಿ ಉಳಿಸ್ಯಾರ. ಇನ್ನ ಯಾಕ ಹೆದರತೀ?"

ಅವನು ಕತ್ತು ತಿರುಗಿಸಲಿಲ್ಲ. ಒಲೆಯ ಕಡೆಗೇ ನೋಡುತ್ತ ಹೇಳಿದ.

"ವೈನಿ... ಅವರು ಕೈ ಇನ್ನೂ ತಗದಿಲ್ರಿ."

ನಾನು ಹತ್ತಿರ ಹೋಗಿ ನೋಡಿದೆ. ಅವನ ಹೆಗಲ ಮೇಲೆ ಏನೂ ಇರಲಿಲ್ಲ. ಅಂಗಿ ಮಾತ್ರ ಅಲ್ಲಿ ಮೈಗೆ ಒತ್ತಿಕೊಂಡಿತ್ತು.

ಮರುವರ್ಷ ಅವನ ಮದುವೆ. ಬೀಗರ ಮುಂದೆ ಇದನ್ನೆಲ್ಲ ಯಾರು ಹೇಳುತ್ತಾರೆ? ಅರಿಶಿನದ ದಿನ ವೈನಿಯಾಗಿ ನಾನೇ ಮುಂದೆ ನಿಂತೆ. ಮೈಗೆಲ್ಲ ಹಚ್ಚಿ, ಎರಡು ಕೊಡ ನೀರು ಸುರಿದೆ. ಎಲ್ಲ ಕಡೆ ಅರಿಶಿನ ತೊಳೆದುಹೋಯಿತು... ಎಡ ಹೆಗಲೊಂದು ಬಿಟ್ಟು. ಅಲ್ಲಿ ನೀರು ಗುಂಡಗಿನ ಹನಿಯಾಗಿ ಉರುಳಿ ಬಿತ್ತು. ಒಣ ಅರಿಶಿನ, ನನ್ನದಕ್ಕಿಂತ ದೊಡ್ಡ ಅಂಗೈಯ ಐದು ಬೆರಳಿನ ಆಕಾರದಲ್ಲಿ, ಹಾಗೇ ಉಳಿಯಿತು. ಮೂರನೆಯ ಕೊಡ ಹಾಕಿದೆ, ಆಗಲೂ ಹೋಗಲಿಲ್ಲ. ಹಚ್ಚಿದವಳೂ ನಾನೇ, ತೊಳೆದವಳೂ ನಾನೇ.