ಒಲೆಯ ಮುಂದಿನ ಹಸಿವು

ಊಟ ಎಲ್ಲಿಂದ ಶುರುವಾಗುತ್ತದೆ ಎಂದು ಕೇಳಿದರೆ ನೀವೆಲ್ಲ ಬಾಯಿಂದ ಎನ್ನುತ್ತೀರಿ. ಇವತ್ತಿನ ಪ್ರವಚನದಲ್ಲಿ ಜಠರಾಗ್ನಿಯ ಮಾತು ಬಂತಲ್ಲ, ಅದಕ್ಕೊಂದು ಕಥೆ ಹೇಳುತ್ತೇನೆ. ಕೇಳಿದ ಮೇಲೆ ಉತ್ತರ ಬದಲಿಸಬೇಕು ಅನ್ನಿಸಿದರೆ ಬದಲಿಸಿ.

ಬಯಲುಸೀಮೆಯ ಒಂದು ಊರು. ಆ ಊರಿಗೊಬ್ಬ ಸಾಹುಕಾರ. ಅವನಂಥ ಉಳ್ಳವರು ಸುತ್ತಮುತ್ತ ಬೇಕಾದಷ್ಟು ಜನ ಇದ್ದರು. ಆದರೆ ದಾರಿಯಲ್ಲಿ ಹೋಗುವವರನ್ನು ಕರೆದು ಉಣಿಸುವವನು ಇವನೊಬ್ಬನೇ. ಮಧ್ಯಾಹ್ನವಾಯಿತೆಂದರೆ ಕಟ್ಟೆಯ ಮೇಲೆ ಬಂದು ಕೂರುವನು. ಜಂಗಮರು ಬರಲಿ, ಬಳೆ ಮಾರುವವರು ಬರಲಿ, ಬಸ್ಸು ತಪ್ಪಿಸಿಕೊಂಡವರು ಬರಲಿ, 'ಬರ್ರಿ, ಉಂಡು ಹೋಗ್ರಿ' ಎಂದು ಒಳಗೆ ಕರೆಯುವನು. ಉಂಡವರು ಹರಸುತ್ತಿದ್ದರು, ಚೇಷ್ಟೆಯನ್ನೂ ಮಾಡುತ್ತಿದ್ದರು. 'ಸಾಹುಕಾರ್ರ, ನಿಮ್ಮ ಓಣ್ಯಾಗ ಹಾಯಾಕs ಅಂಜಿಕಿ ಬರ್ತೈತಿ ನೋಡ್ರಿ, ತುಂಬಿದ ಹೊಟ್ಟೀಗೂ ಬಿಡಂಗಿಲ್ಲ ನೀವು' ಎಂದು ಒಬ್ಬ ಮುದುಕ ನಗಾಡುತ್ತಿದ್ದ. ಸಾಹುಕಾರನೂ ನಗುತ್ತಿದ್ದ. ಆ ನಗುವಿನಲ್ಲಿ ಕಪಟ ಇರಲಿಲ್ಲ. ನೋಡಿ, ಇದನ್ನು ಮರೆಯಬೇಡಿ. ಅವನು ಕೆಟ್ಟವನಲ್ಲ.

ಆ ಮನೆಗೊಂದು ನೇಮವಿತ್ತು. ಬಂದವರಿಗೆ ಮನೆಯೊಡತಿಯೇ ಬಿಸಿ ರೊಟ್ಟಿ ಮಾಡಿ ಹಾಕಬೇಕು, ಕೊನೆಯವರು ಕೈ ತೊಳೆದ ಮೇಲೆ ಯಜಮಾನ, ಅವನ ಊಟವಾದ ಮೇಲೆ ಅವಳು. ಸಾಹುಕಾರನ ತಾಯಿ ಹಾಗೆ ಮಾಡಿದ್ದಳು, ಹೆಂಡತಿಯೂ ಹಾಗೇ ಮಾಡಿದಳು. ಎಷ್ಟೋ ದಿನ ಅವಳು ತಾಟು ಹಾಕಿಕೊಂಡು ಕೂತಿರುವಾಗಲೇ ಕಟ್ಟೆಯಿಂದ ಕೂಗು ಬರುತ್ತಿತ್ತು, 'ಇನ್ನೊಬ್ಬರು ಬಂದಾರ.' ಅವಳು ತಾಟು ಸರಿಸಿ ಒಲೆಯ ಮುಂದೆ ಕೂರುವಳು. ಹೊತ್ತು ಇಳಿದಿರುತ್ತಿತ್ತು. ಒಮ್ಮೊಮ್ಮೆ ಊಟ ಅಲ್ಲಿಗೇ ಬಿಟ್ಟುಹೋಗುತ್ತಿತ್ತು. ಯಾರಾದರೂ ಕೇಳಿದರೆ ಅವಳದು ಒಂದೇ ಮಾತು: 'ಬಿಡ್ರಿ, ಅಡಗಿ ವಾಸನಿಗೇ ನನ್ನ ಹೊಟ್ಟಿ ತುಂಬತೈತಿ.'

ಸಂಜೆ ಅವಳಿಗೆ ತಲೆನೋವು ಬರುತ್ತಿತ್ತು. ಸಾಹುಕಾರನಿಗೆ ಅದು ಗೊತ್ತಿತ್ತು. ಅಂಗಡಿಗೆ ತಾನೇ ಹೋಗಿ ನೋವಿನ ಗುಳಿಗೆ ತರುತ್ತಿದ್ದ, ತಾನೇ ನೀರು ತುಂಬಿಸಿ ಕೊಡುತ್ತಿದ್ದ. ಊರಿನ ಬೇರೆ ಯಾವ ಗಂಡಸು ಹೆಂಡತಿಗೆ ನೀರು ತಂದುಕೊಡುತ್ತಾನೆ ಎಂದು ಹೆಣ್ಣುಮಕ್ಕಳು ಮಾತಾಡಿಕೊಳ್ಳುತ್ತಿದ್ದರು. ಅವಳು ನುಂಗುತ್ತಿದ್ದಳು. ನೋವು ಕಡಿಮೆಯಾಗುತ್ತಿತ್ತು. ಹೊಟ್ಟೆಯೊಳಗೆ ಉರಿ ಏಳುತ್ತಿತ್ತು. ಅದನ್ನು ಅವಳು ಹೇಳಲಿಲ್ಲ. ಅವನು ಕೇಳಲಿಲ್ಲ. ಒಂದೇ ಮನೆಯಲ್ಲಿ ಇಬ್ಬರು ವರ್ಷಗಟ್ಟಲೆ ಹೀಗೆ ಸುಮ್ಮನೆ ಬದುಕಿಬಿಡಬಹುದು.

ಒಂದು ಮಧ್ಯಾಹ್ನ ಅತಿಥಿಗಳೆಲ್ಲ ಉಂಡಿದ್ದರು. ದಾರಿಯಲ್ಲಿ ಮತ್ತೊಬ್ಬ ಕಾಣಿಸಿದ. ಸಾಹುಕಾರ ಅವನನ್ನೂ ಕರೆದು ಕೂರಿಸಿ, ಒಳಗೆ ಕೂಗಿ ಹೇಳಿದ. ರೊಟ್ಟಿ ಬಡಿಯುವ ಸದ್ದು ಶುರುವಾಯಿತು. ಸ್ವಲ್ಪ ಹೊತ್ತಿಗೆ ನಿಂತಿತು. ನೀರಿಗೆ ಎದ್ದಿರಬೇಕು ಎಂದುಕೊಂಡ ಸಾಹುಕಾರ ಬಂದವನ ಜೊತೆ ಮಳೆ ಬೆಳೆಯ ಮಾತು ಮುಂದುವರಿಸಿದ. ಸದ್ದು ಮತ್ತೆ ಬರಲಿಲ್ಲ. ಅವನು ಮಾತಾಡುತ್ತಲೇ ಇದ್ದ. ಹಂಚಿನ ಮೇಲೆ ರೊಟ್ಟಿ ಸೀದ ವಾಸನೆ ಬಂದಾಗ ಎದ್ದ. ಅವಳು ಹಿಟ್ಟು ನಾದುವ ಕೊಣಮಿಗೆಯ ಪಕ್ಕದಲ್ಲಿ ಮುದುರಿ ಬಿದ್ದಿದ್ದಳು. ಕೈಗೆ ಮೆತ್ತಿದ ಹಿಟ್ಟು ಹಾಗೇ ಇತ್ತು. ಹೊಟ್ಟೆ ಮುಟ್ಟಿದರೆ ಹಲಗೆಯಷ್ಟು ಗಟ್ಟಿ.

ಪಟ್ಟಣದ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದರು. ಆಮೇಲೆ ಡಾಕ್ಟರಮ್ಮ ಹೊರಗೆ ಬಂದು ಬೆಂಚಿನ ಮೇಲೆ ಅವನ ಪಕ್ಕದಲ್ಲೇ ಕುಳಿತಳು. 'ಯಜಮಾನ್ರ, ಇವರು ದಿನಾ ಎಷ್ಟೊತ್ತಿಗೆ ಉಣ್ತಾರ?' ಎಂದು ಕೇಳಿದಳು.

ಸಾಹುಕಾರ ಬಾಯಿ ತೆರೆದ. ಎತ್ತಿಗೆ ನೀರು ತೋರಿಸುವ ಹೊತ್ತು ಅವನಿಗೆ ಗೊತ್ತಿತ್ತು. ಯಾವ ಜಂಗಮರಿಗೆ ಯಾವ ಪಲ್ಯ ಆಗಿಬರುವುದಿಲ್ಲ ಎಂಬುದೂ ಗೊತ್ತಿತ್ತು. ಇದು ಗೊತ್ತಿರಲಿಲ್ಲ.

ಡಾಕ್ಟರಮ್ಮ ಬೈಯಲಿಲ್ಲ. ನಿಧಾನವಾಗಿ ತಿಳಿಸಿ ಹೇಳಿದಳು. ತುತ್ತು ಬಾಯಿಗೆ ಬರುವ ಮೊದಲೇ ದೇಹ ಊಟಕ್ಕೆ ಅಣಿಯಾಗುತ್ತದಂತೆ. ಮೂಗಿಗೆ ವಾಸನೆ ತಗುಲಿದರೆ ಸಾಕು, ಬಾಯಲ್ಲಿ ನೀರು ಊರುತ್ತದೆ, ಜಠರದಲ್ಲಿ ಹುಳಿ ರಸ ಇಳಿಯುತ್ತದೆ. ಬಲು ಉಗ್ರವಾದ ರಸ. ಉಂಡದ್ದನ್ನು ಅರೆದು ಅಂಬಲಿ ಮಾಡಿ ಕರುಳಿಗೆ ಇಳಿಸುವುದು ಜಠರ. ಸಣ್ಣ ಕರುಳು ಅದರ ಸಾರವನ್ನು ಹೀರಿ ರಕ್ತಕ್ಕೆ ಕೊಡುತ್ತದೆ, ದೊಡ್ಡ ಕರುಳು ನೀರನ್ನು ಉಳಿಸಿಕೊಂಡು ಹೊಲಸನ್ನು ಹೊರಗೆ ಹಾಕುತ್ತದೆ. ಆ ಉಗ್ರ ರಸ ಜಠರವನ್ನೇ ಸುಡಬಾರದೆಂದು ಒಳಗೋಡೆಗೆ ಲೋಳೆಯ ಲೇಪವೊಂದಿದೆ. ಬರಿಹೊಟ್ಟೆಗೆ ನುಂಗಿದ ನೋವಿನ ಗುಳಿಗೆಗಳು ಆ ಲೇಪವನ್ನು ತೆಳ್ಳಗೆ ಮಾಡಿದವು. ಬೆಳಗಿನಿಂದ ಒಲೆಯ ಮುಂದೆ ಕೂತವಳ ಹೊಟ್ಟೆಯಲ್ಲಿ ರಸ ಇಳಿಯುತ್ತಲೇ ಇತ್ತು, ಅನ್ನ ಇಳಿಯಲಿಲ್ಲ. ಹುಣ್ಣಾಯಿತು. ಹುಣ್ಣು ತೂತಾಯಿತು.

'ಗುಳಿಗಿ ಯಾರ್ ತಂದ್ ಕೊಡ್ತಿದ್ರು?'

'ನಾನs' ಎಂದ ಸಾಹುಕಾರ.

ಕೆಲವು ದಿನ ಮೂಗಿಗೆ ನಳಿಗೆ, ಕೈಗೆ ಸಲೈನು. ಚೇತರಿಸಿಕೊಂಡಂತೆ ಕಂಡಾಗ ಚಮಚದಲ್ಲಿ ಗಂಜಿ ಕೊಡಬಹುದೆಂದರು. ಸಾಹುಕಾರ ತಾನೇ ಬಟ್ಟಲು ಹಿಡಿದು ಕುಳಿತ. ಚಮಚವನ್ನು ಅವಳ ತುಟಿಯ ಹತ್ತಿರ ಒಯ್ದ. ಅವಳು ಬಾಯಿ ತೆರೆಯಲಿಲ್ಲ.

'ನೀವು ಉಂಡ್ರೇನು?'

'ಉಂಡೀನಿ, ನೀ ತಗೋ.'

ಅವಳು ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. 'ಇಲ್ಲ, ಉಂಡಿಲ್ಲ ನೀವು. ಹಸಿದಾಗ ನಿಮ್ಮ ಮಾರಿ ಹೆಂಗಿರತೈತಿ ಅಂತ ನನಗ ಗೊತ್ತಿಲ್ಲೇನು?' ಎಂದಳು.

ಅವನು ಬೇಡಿಕೊಂಡ. ಕೈ ಮುಗಿದ. ಅವಳು ಹಟ ಮಾಡುತ್ತಿರಲಿಲ್ಲ. ಗಂಡ ಹಸಿದು ಎದುರಿಗಿದ್ದರೆ ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ, ಅಷ್ಟೇ. ಕೊನೆಗೆ ಸಾಹುಕಾರ ಆ ಮೊದಲ ಚಮಚ ಗಂಜಿಯನ್ನು ಅವಳ ಕಣ್ಣೆದುರೇ ತಾನು ಕುಡಿದ. ಆಗ ಅವಳು ಬಾಯಿ ತೆರೆದಳು. ಆಸ್ಪತ್ರೆಯ ಮಂಚದ ಮೇಲೂ ಮೊದಲು ಉಂಡವನು ಅವನೇ.

ನಾಲ್ಕಾರು ಚಮಚ ಹೋಯಿತು. ಮರುದಿನ ಜ್ವರ ಏರಿತು. ಹೊಟ್ಟೆಯಲ್ಲಿ ಹರಡಿದ್ದ ನಂಜು ರಕ್ತಕ್ಕೆ ಸೇರಿತ್ತು. ಆ ತಾಯಿ ಮನೆಗೆ ಬರಲಿಲ್ಲ.

ಅವಳು ಅವನ ಹಸಿವನ್ನು ಮುಖದಲ್ಲಿ ಓದುತ್ತಿದ್ದಳು. ಅವನು ಊರಿನ ಹಸಿವನ್ನೆಲ್ಲ ದಾರಿಯಲ್ಲೇ ಗುರುತಿಸುತ್ತಿದ್ದ. ಅವಳ ಹಸಿವನ್ನು ಮಾತ್ರ ಒಂದು ದಿನವೂ ಕಾಣಲಿಲ್ಲ. ಅವನ ಅನ್ನದಾನ ಎಲ್ಲಿಗೆ ಹೋಯಿತು? ಹೇಳಿ, ಯಾರ ಹೊಟ್ಟೆಯಿಂದ ಅದು ಬಂದಿತ್ತು?

ನಮ್ಮ ಮನೆಯಲ್ಲಿ ಹೀಗಿಲ್ಲ ಎನ್ನುತ್ತೀರಿ. ಸರಿ. ಇವತ್ತು ನಿಮ್ಮ ಮನೆಯಾಕೆ ಎಷ್ಟೊತ್ತಿಗೆ ಉಂಡರು? ಅವಸರವಿಲ್ಲ, ಯೋಚಿಸಿ ಹೇಳಿ. ನಾನು ಕಾಯುತ್ತೇನೆ.

ಯಾರೂ ಹೇಳುತ್ತಿಲ್ಲ.

ನಾಳೆಯಿಂದ 'ಉಂಡೆಯಾ' ಎಂದು ಕೇಳಿ ಸುಮ್ಮನಾಗಬೇಡಿ, 'ಹೂಂ' ಎಂಬ ಉತ್ತರ ಅಲ್ಲಿ ಯಾವಾಗಲೂ ಸಿದ್ಧವಾಗಿರುತ್ತದೆ. ನಿಮ್ಮ ತಾಟಿನ ಪಕ್ಕದಲ್ಲಿ ಅವರ ತಾಟು ಇಡಿ. ಅದರಲ್ಲಿ ಅನ್ನ ಬಿದ್ದಿದೆಯೇ ನೋಡಿ, ಆಮೇಲೆ ನಿಮ್ಮ ತುತ್ತು ಎತ್ತಿ. ರೊಟ್ಟಿ ಆರಿದರೆ ಆರಲಿ. ತಲೆನೋವು ಎಂದರೆ ಗುಳಿಗೆ ತರಲು ಓಡಬೇಡಿ, ಹೊಟ್ಟೆಗೆ ಏನು ಬಿದ್ದಿದೆ ಎಂದು ಮೊದಲು ವಿಚಾರಿಸಿ. ಉರಿ ಇದೆಯೆಂದರೆ ಡಾಕ್ಟರ ಹತ್ತಿರ ಕರೆದೊಯ್ಯಿರಿ.

ನಾಳೆಯವರೆಗೂ ಯಾಕೆ? ಈ ಗೋಡೆಯ ಆಚೆ ಪ್ರಸಾದ ತಯಾರಾಗುತ್ತಿದೆ. ಸಾರಿನ ವಾಸನೆಗೆ ನಿಮ್ಮ ಬಾಯಲ್ಲಿ ಈಗಷ್ಟೇ ನೀರೂರಿದೆ. ಅಲ್ಲಿರುವ ತಾಯಂದಿರು ಬೆಳಗಿನಿಂದ ಅದೇ ವಾಸನೆಯಲ್ಲಿ ಕುಳಿತಿದ್ದಾರೆ. ಈ ಪ್ರವಚನ ಕೇಳಲೂ ಅವರಿಗೆ ಆಗಿಲ್ಲ. ಇವತ್ತು ಮೊದಲ ಪಂಕ್ತಿ ಅವರದು. ಗಂಡಸರು ಎದ್ದು ಹೋಗಿ ಬಡಿಸಿ. ನಮಗೆ ಹಸಿವಿಲ್ಲ ಎನ್ನುತ್ತಾರೆ, ನಂಬಬೇಡಿ. ಸ್ವಾಮಿಗಳು ಇನ್ನೂ ಉಂಡಿಲ್ಲ ಎನ್ನುತ್ತಾರೆ. ಅವರೆಲ್ಲ ಉಂಡು ಕೈ ತೊಳೆಯುವವರೆಗೆ ನಾನು ಈ ಗದ್ದಿಗೆಯಿಂದ ಏಳುವುದಿಲ್ಲ ಎಂದು ಹೇಳಿ. ಹೋಗಿ.