ಬೂದನ ಮೇಲೆ ದೂರು

ಕಚ್ಚುತ್ತಾನೆ ಅಂದೆನಲ್ಲ ಮೇಡಂ, ಮತ್ತೆ ಯಾಕೆ ಕೈ ಚಾಚಿದ್ರಿ? ನೆಕ್ಕುತ್ತಿದ್ದಾನಾ? ಅದನ್ನು ನಂಬಬೇಡಿ. ಕಚ್ಚೋ ಮುಂಚೆ ಉಪ್ಪು ಸರಿಯಾಗಿದೆಯಾ ಅಂತ ನೋಡ್ತಾನೆ, ಅಷ್ಟೇ. ಏಯ್ ಬೂದ! ಬಾರೋ ಈಚೆ. ಅವರ ಕೈಯೇನು ನಿನ್ನ ಬೋಗುಣಿನಾ?

ನಗಬೇಡಿ. ನಕ್ಕರೆ ಅವನಿಗೆ ಇನ್ನೂ ಕೊಬ್ಬು.

ಕೂತ್ಕೊಳ್ಳಿ. ಆ ಸ್ಟೂಲಿನ ಒಂದು ಕಾಲು ನಂಬೋ ಹಾಗಿಲ್ಲ, ಗೋಡೆಗೆ ಒರಗಿಸಿ ಕೂತ್ಕೊಳ್ಳಿ. ನಾನು ಮಾತ್ರ ಕೈ ನಿಲ್ಲಿಸೋ ಹಾಗಿಲ್ಲ. ಈ ನಾಯಿ ಆಶ್ರಮದಲ್ಲಿ ಮೂವತ್ತೊಂದು ನಾಯಿ, ಮೂವತ್ತೊಂದು ಬೋಗುಣಿ. ಐದು ಗಂಟೆಗೆ ಮನೆಗೆ ಹೊರಡಬೇಕು, ತಡ ಆದ್ರೆ ರಂಪ! ಮಗ, ಸೊಸೆ, ಮೂರು ಮೊಮ್ಮಕ್ಕಳು... ಕಾಲಿಡೋಕೆ ಜಾಗ ಇಲ್ಲ. ನಿನ್ನೆ ನೋಡಿ, ಗುಂಡ ನನ್ನ ಚಪ್ಪಲಿ ಅಗಿದು ಹಾಕಿದ್ದಾನೆ. ಚುಕ್ಕಿ ಅಂತೂ ಹಾಲು ಚೆಲ್ಲಿ ಅದರಲ್ಲೇ ಹೊರಳಾಡ್ತಾಳೆ... ಯಾಕೆ ಹಾಗೆ ನೋಡ್ತೀರಿ? ಹಲ್ಲು ಬರೋ ವಯಸ್ಸು ಮೇಡಂ. ಮಕ್ಕಳು ಅಗೀತಾವೆ.

ಸರಿ, ಹೇಳಿ. ಯಾರು ಆ ಪುಣ್ಯಾತ್ಮರು? ಹೆಸರು ಬೇಡ ಬಿಡಿ. ಆದ್ರೆ ನೀವು ಬಂದಿದ್ದೀರಿ ಅಂದ್ಮೇಲೆ ಯಾರೋ ಬೂದನ್ನ ಕೇಳಿದ್ದಾರೆ. ನಾಯಿ ಕೇಳಿದೋರ ಮನೆಗೆ ಮೊದಲು ಹೋಗಿ, ಗೇಟು ಗಟ್ಟಿ ಇದೆಯಾ, ಜನ ಹೇಗೆ ಅಂತ ನೋಡಿ, ಫೋಟೋ ಹೊಡ್ಕೊಂಡು, ಆಮೇಲೆ ಇಲ್ಲಿಗೆ ಬರೋದು. ನಿಮ್ಮ ಮುಂಚೆ ಈ ಕೆಲಸಕ್ಕಿದ್ದೋರೂ ಹಾಗೇ ಮಾಡ್ತಿದ್ರು. ಆದ್ರೆ ಅವರು ಮಾತಾಡ್ತಿದ್ರು ಪಾಪ. ನೀವು ನೋಡಿದ್ರೆ ಬಾಯಿ ಬಿಟ್ಟರೆ ಮುತ್ತು ಉದುರಿ ಹೋಗುತ್ತೆ ಅನ್ನೋ ಹಾಗೆ ಕೂತಿದ್ದೀರಿ.

ಅವರು ಫೋನಲ್ಲಿ ನಮ್ಮ ಪೇಜಿಗೆ ಹಾಕಿರೋ ಇವನ ವಿಡಿಯೋ ನೋಡಿಲ್ವಾ? ನಾನೇ ಬಾಯಾರೆ ಹೇಳಿದ್ದೀನಿ. ಇವನಿಗೆ ಹನ್ನೆರಡು ವರ್ಷ, ಒಂದು ಕಿವಿ ಕೇಳಲ್ಲ, ಇನ್ನೊಂದು ಕೇಳಿದ್ರೂ ಕೇಳಲ್ಲ. ಗೊರಕೆ ಹೊಡೆದ್ರೆ ತಗಡಿನ ಬಾಗಿಲು ನಡುಗುತ್ತೆ. ರೊಟ್ಟಿ ಕದೀತಾನೆ, ಕದ್ದ ಮೇಲೆ ನಮ್ಮನ್ನೇ ಗುರಾಯಿಸ್ತಾನೆ. ಸೋಮಾರಿ, ಮುಂಗೋಪಿ, ಯಾರ ಹತ್ರಾನೂ ಹೋಗಲ್ಲ... ಬೂದ, ಮೇಡಂ ತೊಡೆ ಮೇಲಿಂದ ತಲೆ ತೆಗಿ! ಮಾನ ಕಳೀತೀಯ ನೀನು.

ನೀವು ಹೊಸಬರು, ನಿಮಗೆ ಗೊತ್ತಿರಲ್ಲ. ಮುಂಚೆ ನಮ್ಮ ಪೇಜಿನ ಕಡೆ ಒಂದು ನರಪಿಳ್ಳೆನೂ ತಲೆ ಹಾಕ್ತಿರಲಿಲ್ಲ. ಆಫೀಸು ರೂಮಲ್ಲಿ ಕೂತು ಪೇಜು ನೋಡ್ಕೊಳ್ತಾಳಲ್ಲ, ಫೋನಿನ ಹುಡುಗಿ, ಅವಳು ಗಾಯ ಆದ ಕಾಲು, ಕೀವು ಸೋರೋ ಕಿವಿ, ಬರೀ ಅದನ್ನೇ ಹಾಕ್ತಿದ್ಲು. ಕೆಳಗೆ ದಯವಿಟ್ಟು, ದಯವಿಟ್ಟು, ದಯವಿಟ್ಟು. ಜನ ಏನ್ಮಾಡ್ತಿದ್ರು? ಹೆಬ್ಬೆರಳಲ್ಲಿ ಹೀಗೆ... ಸರ್ರನೆ ತಳ್ಳಿ ಮುಂದೆ ಹೋಗ್ತಿದ್ರು. "ಅಜ್ಜಿ, ಜನರಿಗೆ ಕರುಳೇ ಇಲ್ಲ" ಅಂತ ಇದೇ ನಲ್ಲಿ ಹತ್ರ ಕೂತು ಅತ್ತಳು. ಕರುಳು ಇದೆ ಕಣೇ, ಅದಕ್ಕೇ ಓಡ್ತಾರೆ ಅಂದೆ. ಬೇಡೋಕೆ ಬಂದೋರನ್ನ ಕಂಡ್ರೆ ಬಾಗಿಲು ಹಾಕ್ಕೋತಾರೆ. ಪಕ್ಕದ ಮನೆ ಜಗಳದ ಸುದ್ದಿ ತಂದೋರಿಗೆ ಸ್ಟೂಲು ಹಾಕ್ತಾರೆ!

ಆಮೇಲೆ ಒಂದು ದಿನ ನಾನು ಬೋಗುಣಿ ತೊಳೀತಾ ಚುಕ್ಕಿಗೆ ಬೈತಿದ್ದೆ. ಹಾಲು ಚೆಲ್ಲಿದ್ಲು ಕಳ್ಳಿ. ಅವಳ ಪರವಾಗಿ ನಾನೇ ಉತ್ತರಾನೂ ಕೊಡ್ತಿದ್ದೆ, "ಚೆಲ್ಲಿಲ್ಲ ಅಜ್ಜಿ, ನೆಲಕ್ಕೂ ಹಸಿವಾಗಿತ್ತು" ಅಂತ. ಈ ಹುಡುಗಿ ಕದ್ದು ವಿಡಿಯೋ ಮಾಡಿ ಹಾಕೇಬಿಟ್ಲು! ಹನ್ನೆರಡು ಸಾವಿರ ಜನ ನೋಡಿದ್ರಂತೆ. ನಾಲ್ಕನೇ ದಿನಕ್ಕೆ ಚುಕ್ಕಿಗೆ ಮನೆ ಸಿಕ್ತು...

ಏನು? ಚುಕ್ಕಿ ಅಂದ್ರೆ ಮೊಮ್ಮಗಳಲ್ವಾ ಅಂತೀರಾ? ಮೊಮ್ಮಗಳೇ. ಅದು... ಆ ನಾಯಿ ಮೇಲಿನ ಪ್ರೀತಿಗೆ ಅದೇ ಹೆಸರು ಇಟ್ವಿ. ಮಕ್ಕಳಿಗೆ ಮನೇಲಿ ಏನೇನೋ ಕರೀತೀವಪ್ಪ. ನೀವೊಳ್ಳೆ ಪೊಲೀಸರ ಥರ.

ಆಮೇಲಿಂದ ಎಲ್ಲ ನಾಯಿಗೂ ನನ್ನ ಬಾಯೇ. ಯಾರು ಏನು ಬರೆದ್ರೂ ಅವಳು ಓದಿ ಹೇಳ್ತಾಳೆ, ನಾನು ಉತ್ತರ ಹೇಳ್ತೀನಿ, ಅವಳು ಒತ್ತಿ ಕಳಿಸ್ತಾಳೆ. ಧನ್ಯವಾದ ಅಂತ ಒಣ ಮಾತು ಒಬ್ಬರಿಗೂ ಹಾಕಬೇಡ ಅಂದಿದ್ದೀನಿ. ಯಾರೋ ಒಬ್ಬ ದರ್ಜಿ ನಾಯಿಗೆ ಅಂತ ಕೋಟು ಹೊಲಿದು ಕಳಿಸಿದ. ನಾನು ಆ ನಾಯಿ ಬಾಯಲ್ಲಿ ಹೇಳಿದೆ, "ಮಾವ, ಕೋಟು ಬಂತು, ಸೊಂಟಕ್ಕೆ ಬಿಗಿ, ತಪ್ಪು ನಿನ್ನದಲ್ಲ, ನನ್ನ ಹೊಟ್ಟೆದು." ಮುಂದಿನ ವಾರಕ್ಕೆ ಹನ್ನೊಂದು ಕೋಟು! ಜನ ಕರೆದ್ರೆ ಬರ್ತಾರೆ ಮೇಡಂ. ಏನಾದ್ರೂ ಕೇಳೋ ಮುಂಚೆ ಹೇಗಿದ್ದೀರಿ ಅಂತ ಕೇಳಬೇಕು. ಕೊಟ್ಟ ಮೇಲೆ ಮರೀಬಾರದು. ಆಗ ಅವರು ಆ ನಾಯಿಗೆ ನೆಂಟರಾಗ್ತಾರೆ. ಹೀಗೆ ನಲವತ್ತಾರು ನಾಯಿ ಕಳಿಸಿದೆ ನಾನು. ನಲವತ್ತಾರು ಸಲ ಆ ಗೇಟಿನ ತನಕ ಹೋಗಿ ಬಂದೆ...

ಮತ್ತೆ ಬೂದನಿಗೆ ಮಾತ್ರ ಯಾಕೆ ದೂರು ಹೇಳಿದೆ ಅಂತೀರಾ? ಇದ್ದಿದ್ದು ಹೇಳಿದೆ. ನಿಜ ಹೇಳೋದು ತಪ್ಪಾ? ಆದ್ರೂ ಎಲ್ಲಕ್ಕಿಂತ ಹೆಚ್ಚು ಜನ ನೋಡಿದ್ದು ಇವನದ್ದೇ ಅಂತೆ. ನಲವತ್ತು ಸಾವಿರ! ಏನು ಬರೆದಿದ್ದಾರೆ ಓದೇ ಅಂದ್ರೆ, ಆಮೇಲೆ ಓದ್ತೀನಿ ಅಜ್ಜಿ ಅಂತ ನಗ್ತಾಳೆ ಆ ಹುಡುಗಿ. ಎರಡು ವಾರ ಆಯ್ತು, ಒಬ್ಬರೂ ಇವನನ್ನ ಕೇಳಿರಲಿಲ್ಲ. ನೆಮ್ಮದಿಯಾಗಿ... ನೆಮ್ಮದಿ ಅಂದೆನಾ? ಬೇಜಾರು. ಬೇಜಾರಾಗಿತ್ತು ಅಂದೆ.

ಈಗ ನೀವು ಬಂದ್ರಿ.

ಆ ಮನೇಲಿ ಎಷ್ಟು ಜನ? ಅಷ್ಟಾದ್ರೂ ಹೇಳಿ. ನಾಲ್ಕು? ಮೂರು? ...ಒಂದಾ? ಒಂದೇ ಜನಾನಾ? ವಯಸ್ಸಾದೋರಾ?

ಅಯ್ಯೋ, ಅಯ್ಯೋ, ಕೊಡಬೇಡಿ! ಒಂಟಿ ಮುದುಕರಿಗೆ ಕೊಡೋ ಹಾಗಿಲ್ಲ ಅಂತ ನಿಯಮಾನೇ ಇದೆಯಲ್ಲ, ನಿಮ್ಮ ಮುಂಚಿನವರು ನನಗೆ ಎಷ್ಟು ಸಲ ಹೇಳಿದ್ದಾರೆ. ನಿಯಮ ಮಾಡಿದೋರು ದಡ್ಡರಾ? ಆ ಮುದುಕರು ಬಚ್ಚಲಲ್ಲಿ ಜಾರಿ ಬಿದ್ರೆ ಯಾರಿದ್ದಾರೆ? ಇವನು ಹೋಗಿ ಡಾಕ್ಟರನ್ನ ಕರ್ಕೊಂಡು ಬರ್ತಾನಾ? ಅವರು ಕಣ್ಣು ಮುಚ್ಚಿದ್ರೆ ಇವನ ಗತಿ? ಒಂಟಿತನಕ್ಕೆ ನಾಯಿ ಬೇಕು ಅಂತಾರೆ... ನಾಯಿಗೆ ಅವರು ಬೇಕಾ ಅಂತ ಯಾರಾದ್ರೂ ಕೇಳ್ತಾರಾ? ಬರ್ಕೊಳ್ಳಿ, ಬರ್ಕೊಳ್ಳಿ, ನಾನು ಹೇಳಿದೆ ಅಂತಾನೇ ಬರ್ಕೊಳ್ಳಿ. ನಮ್ಮನೆ ಥರ ತುಂಬಿದ ಮನೆ ಆಗಿದ್ರೆ ಮಾತು ಬೇರೆ. ಒಬ್ಬರು ಬೈದ್ರೆ ಇನ್ನೊಬ್ಬರು ಊಟ ಹಾಕ್ತಾರೆ.

ಯಾಕೆ ಬರೀತಿಲ್ಲ?

ಮೇಡಂ... ನೀವು ಬಂದಾಗಿನಿಂದ ಇವನನ್ನ ಸರಿಯಾಗಿ ನೋಡೇ ಇಲ್ಲ. ಹಲ್ಲು ನೋಡಲಿಲ್ಲ, ಕಾಲು ಎತ್ತಿ ನೋಡಲಿಲ್ಲ. ನನ್ನನ್ನೇ ನೋಡ್ತಿದ್ದೀರಿ. ನನ್ನ ಮುಖದ ಮೇಲೆ ಕೋತಿ ಕುಣೀತಿದೆಯಾ?

ಫೋಟೋನಾ? ತೋರಿಸಿ. ಕನ್ನಡಕ ಇಲ್ಲ, ಸ್ವಲ್ಪ ದೂರ ಹಿಡೀರಿ. ಹೂಂ, ಬಾಗಿಲು. ನೀಲಿ ಬಣ್ಣ. ಬೀಗ ಹಾಕಿದೆ. ಹಗ್ಗದ ಮೇಲೆ ಒಂದು ಟವೆಲು... ಈ ಟವೆಲು...

ಕಿಟಕಿಯಿಂದಾನೂ ತೆಗೆದಿದ್ದೀರಾ? ಒಂದು ತಟ್ಟೆ. ಒಂದು ಲೋಟ. ಗೋಡೆ ಕಡೆಗೆ ಒಂದು ಚಾಪೆ.

ನಲ್ಲಿ ನಿಲ್ಲಿಸಿ ತಾಯಿ. ನೀರು ಸುಮ್ಮನೆ ಹೋಗ್ತಿದೆ.

ಮಗ ಊರಲ್ಲಿಲ್ಲ ಈಗ... ಸೊಸೆ ಮಕ್ಕಳನ್ನ ಕರ್ಕೊಂಡು... ಎಷ್ಟು ಹೊತ್ತಿಗೆ ಹೋಗಿದ್ರಿ ನೀವು? ಬೆಳಗ್ಗೆನಾ? ಬೆಳಗ್ಗೆ ಎಲ್ಲರೂ...

ಪಕ್ಕದ ಮನೆಯವರನ್ನ ಮಾತಾಡಿಸಿದ್ರಾ?

ಏನಾದ್ರೂ ಅನ್ನಿ. ಬೈದುಬಿಡಿ.

ಇಲ್ಲ. ಮಗ ಇಲ್ಲ, ಸೊಸೆ ಇಲ್ಲ. ಯಾವತ್ತೂ ಇರಲಿಲ್ಲ. ಗುಂಡ ಹೋದ ವರ್ಷ ಮನೆ ಸಿಕ್ಕು ಹೋದ ಕಂದು ನಾಯಿ. ಚುಕ್ಕಿ ಯಾರು ಅಂತ ನಿಮಗೆ ಆಗಲೇ ಗೊತ್ತಾಯ್ತು. ಇಲ್ಲಿ ಎಲ್ಲರೂ ಐದು ಗಂಟೆಗೆ ಮನೆಗೆ ಓಡ್ತಾರೆ, ಮಗು ಕಾಯ್ತಿದೆ, ಗಂಡ ಕಾಯ್ತಿದ್ದಾನೆ ಅಂತ. ನಿಮಗ್ಯಾರಿದ್ದಾರೆ ಅಜ್ಜಿ ಅಂತ ಒಂದು ದಿನ ಕೇಳಿದ್ರು. ಬಾಯಿಗೆ ಬಂದ ಹೆಸರು ಹೇಳಿಬಿಟ್ಟೆ. ಕಥೆ ಹೇಳೋ ಬಾಯಿ... ಒಂದು ಸಲ ಶುರುವಾದ್ರೆ ನಿಲ್ಲುತ್ತಾ? ನಲವತ್ತು ಸಾವಿರ ಜನ ನನ್ನ ಮಾತು ಕೇಳ್ತಾರಂತೆ ತಾಯಿ. ಮನೆ ಬೀಗ ತೆಗೆದ್ರೆ ಬೀಗದ ಸದ್ದು ಬಿಟ್ಟು ಇನ್ನೊಂದು ಸದ್ದಿಲ್ಲ.

ನನ್ನ ಹೆಸರಲ್ಲಿ ಅರ್ಜಿ ಹಾಕಿದ್ದು ಯಾರು? ಫೋನಿನ ಹುಡುಗಿನಾ? ಅವಳಿಗೇನು ಬಂತು? ...ಓದಿ. ವಿಡಿಯೋ ಕೆಳಗೆ ಜನ ಬರೆದದ್ದಾ? ನೀವೇ ಓದಿ. "ಈ ನಾಯಿಗೆ ಆಗಲೇ ಒಬ್ಬರು ಸಿಕ್ಕಿದ್ದಾರಲ್ಲ." ಯಾರು ಬರೆದಿದ್ದು? "ಅಜ್ಜಿ ಬೈತಿದ್ರೆ ಅವನ ಬಾಲ ನೋಡಿ." ದರ್ಜಿನಾ? ಕೋಟಿನ ದರ್ಜಿ! "ಅಜ್ಜಿ, ದೂರು ಸಾಕು, ಮನೆಗೆ ಕರ್ಕೊಂಡು ಹೋಗಿ." ಇನ್ನೂ ಇದೆಯಾ? ಎಲ್ಲರೂ ಅದನ್ನೇ ಬರೆದಿದ್ದಾರಾ? ಅದಕ್ಕೇ ಯಾರೂ ಕೇಳಲಿಲ್ವಾ?

ನಾನು ಬರೀ ನನ್ನ ಮಾತು ಕೇಳಿಸ್ಕೊಂಡೆ. ಅವರು ಇವನ ಬಾಲ ನೋಡಿದ್ರು.

ಆಗ ಹೇಳಿದ್ನಲ್ಲ, ಒಂಟಿ ಮುದುಕರಿಗೆ ಕೊಡಬೇಡಿ ಅಂತ... ಬರ್ಕೊಂಡಿಲ್ಲ ತಾನೇ? ಆದ್ರೆ ಅದು ಸುಳ್ಳಲ್ಲ ಮಗಳೇ. ಬಿದ್ರೆ ಯಾರೂ ಇಲ್ಲ. ಅದು ಮಾತ್ರ ನಾನು ಕಟ್ಟಿದ ಕಥೆ ಅಲ್ಲ.

ಚೀಲದಿಂದ ಏನು ತೆಗೀತಿದ್ದೀರಿ? ಶಾಯಿ ಪ್ಯಾಡಾ? ಸಹಿ ಹಾಕೋಕೆ ಬರಲ್ಲ ಅಂತಾನೂ ಹೇಳಿದ್ದಾಳಾ ಅವಳು! ಹೆಬ್ಬೆಟ್ಟು ಒತ್ತಿದ್ರೆ ಇವನನ್ನ ಕೊಡ್ತೀರಾ? ...ಮೇಲಿನೋರು ಹೇಳಬೇಕು. ಹೂಂ. ಮೇಲಿನೋರು ಯಾವಾಗಲೂ ಮೇಲೇ ಇರ್ತಾರೆ.

ತಡೀರಿ, ಕೈ ಒದ್ದೆ.

ಅರ್ಜೀಲಿ ಈ ಖಾಲಿ ಜಾಗ ಏನು? ಮನೆಯಲ್ಲಿ ಎಷ್ಟು ಜನ? ...ನಾನು ಹೇಳಬೇಕಾ? ನೋಡಿ ಬಂದೋರು ನೀವು, ಹೇಳಬೇಕಾದೋಳು ನಾನಾ?

ಆರು ಅಂದ್ರೆ ಆರು ಅಂತಾನೇ ಬರೀತೀರಾ?

...ಅಯ್ಯೋ ಹುಚ್ಚಿ. ಕೆಲಸ ಕಳ್ಕೊಂಡೀಯ.

ಒಂದು ಅಂತ ಬರಿ ಮಗಳೇ. ಒಂದೇ. ಸುಳ್ಳಿನ ಕೆಳಗೆ ಒತ್ತಿದ ಬೆರಳಲ್ಲಿ ಇವನ ಕಿವಿ ಹೇಗೆ ಸವರಲಿ? ಎಲ್ಲಿ, ಇಲ್ಲೇನಾ? ಹಾಳೆ ಗಟ್ಟಿಯಾಗಿ ಹಿಡಿ, ಒತ್ತುತ್ತೀನಿ...

ಏಯ್ ಬೂದ, ಮೂಗು ಆಚೆ ತೆಗಿಯೋ. ಶಾಯಿ ಇನ್ನೂ ಒಣಗಿಲ್ಲ.