ಟವೆಲಿನ ಅಡಿಯಲ್ಲಿ ಕುದುರಿದ ಬೆಲೆ

ಹೆಸರು ಅ. ಸೆಂಗೋಡನ್, ತಂದೆ ಅರ್ಥನಾರಿ, ವಯಸ್ಸು 52 ವರ್ಷ, ಮೆಕ್ಯಾನಿಕಲ್ ಡಿಪ್ಲೊಮಾ ಓದಿರುತ್ತೇನೆ, ಕಸುಬು ಲಾರಿ ಮಾಲೀಕ, ಸ್ವಂತದ್ದು ಒಂದೇ ಲಾರಿ, ವಾಸ ಎಡಪ್ಪಾಡಿ ರಸ್ತೆ, ಸಂಕಗಿರಿ, ಸೇಲಂ ಜಿಲ್ಲೆ.

ದಿನಾಂಕ 14-06-2019ರಂದು ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ, ನಾನು 2008ರಲ್ಲಿ ಹತ್ತು ಚಕ್ರದ ಲಾರಿಯೊಂದನ್ನು ಹೊಸದಾಗಿ ಕೊಂಡಿದ್ದೆನು. ಮೊದಲ ದಿನದಿಂದಲೂ ಅದರ ಚಾಲಕರು ನನ್ನ ತಂಗಿ ಪಾವಾಯಿಯ ಗಂಡ ನಲ್ಲಸಾಮಿಯವರು, ವಯಸ್ಸು 47. ಅವರು ನನ್ನನ್ನು ಮಚ್ಚಾನ್, ಅಂದರೆ ಭಾವ ಎಂದೂ, ನಾನು ಅವರನ್ನು ಮಾಪ್ಳೆ ಎಂದೂ ಕರೆಯುವುದು ರೂಢಿ. ರಿಪೇರಿ ನನ್ನ ಕೆಲಸ, ಓಡಿಸುವುದು ಅವರ ಕೆಲಸ. ಹನ್ನೊಂದು ವರ್ಷಗಳಲ್ಲಿ ಡೀಸೆಲ್ಲು, ಟೈರು, ಬಾಡಿಗೆ ಯಾವುದರ ಬಗ್ಗೆಯೂ ನಮ್ಮಿಬ್ಬರ ನಡುವೆ ಮಾತು ಬಂದಿರುವುದಿಲ್ಲ.

ಹಳೆಯ ಲಾರಿಯನ್ನು ಕೊಟ್ಟು ಹೊಸದನ್ನು ಕೊಳ್ಳುವುದೆಂದು ತೀರ್ಮಾನವಾದ ಮೇಲೆ, ದಿನಾಂಕ 11ರ ಸಂಜೆ ನಾನು ಲಾರಿಯನ್ನು ತಪಾಸಣೆ ಮಾಡಿದೆನು. ಇಂಜಿನ್ ಒಮ್ಮೆ ಬಿಚ್ಚಿ ಕಟ್ಟಿದ್ದು, ಚಾಸಿಸ್ ನೇರ, ಮೂರನೆಯ ಗೇರಿನಲ್ಲಿ ಸದ್ದು, ನಾಲ್ಕು ಟೈರು ಸವೆದದ್ದು. ಎಲ್ಲವನ್ನೂ ಲೆಕ್ಕಕ್ಕೆ ಹಿಡಿದು ಆರು ಲಕ್ಷದ ಇಪ್ಪತ್ತು ಸಾವಿರ ರೂಪಾಯಿ ಎಂದು ಬೆಲೆ ಕಟ್ಟಿದೆನು. ನಮ್ಮ ಕಡೆ ಮಾಲೀಕನು ತನ್ನ ಕೊನೆಯ ಬೆಲೆಯನ್ನು ಯಾರ ಬಳಿಯೂ ಬಾಯಿಬಿಡುವ ಪದ್ಧತಿಯಿಲ್ಲ. ಹೆಂಡತಿಗೂ ಹೇಳುವುದಿಲ್ಲ. ನಾನು ನಲ್ಲಸಾಮಿಯವರಿಗೆ ಹೇಳಿದೆನು. ಅವರು, ಬರೀ ಆರಿಪ್ಪತ್ತಾ ಮಚ್ಚಾನ್, ಮುಖ ತೊಳೆದು ಹೂ ಮುಡಿಸಿ ನಿಲ್ಸಿದ್ರೆ ಇನ್ನೂ ಒಂದಷ್ಟು ತರ್ತಾಳೆ ಇವ್ಳು ಎಂದರು. ಯಂತ್ರಕ್ಕೆ ಯಂತ್ರದ ಬೆಲೆ ಬಂದರೆ ಸಾಕು ಎಂದು ನಾನು ಹೇಳಿದೆನು.

ದಿನಾಂಕ 12, ಬುಧವಾರ, ಬೆಳಿಗ್ಗೆ ಒಂಬತ್ತೂವರೆಗೆ ನಾನು, ನಲ್ಲಸಾಮಿಯವರು, ನನ್ನ ತಂಗಿ ಮೂವರೂ ಅದೇ ಲಾರಿಯಲ್ಲಿ ಭವಾನಿ ರಸ್ತೆಯ ಷೋರೂಮಿಗೆ ಹೋದೆವು. ಹನ್ನೆರಡಕ್ಕೆ ರಾಹುಕಾಲ ಹಿಡಿಯುವುದರಿಂದ ಅಷ್ಟರೊಳಗೆ ಬುಕ್ ಮಾಡಿ ಮುಗಿಸಬೇಕೆಂದು ತಂಗಿ ಹೇಳಿದ್ದಳು. ಅಲ್ಲಿನ ಮಾರಾಟಗಾರ ವಿಜಯರಂಗನ್ ಎಂಬ ಯುವಕ, ಹೊಸ ಲಾರಿಯ ಮೇಲೆ ಎಪ್ಪತ್ತೈದು ಸಾವಿರ ರಿಯಾಯಿತಿ ಎಂದೂ, ಅದರ ಮೇಲೆ ಒಂದು ರೂಪಾಯಿಯೂ ತನ್ನ ಕೈಯಲ್ಲಿಲ್ಲವೆಂದೂ ಹೇಳಿದನು. ನಲ್ಲಸಾಮಿಯವರು, ನಿನ್ ಕೈಲಿಲ್ದಿದ್ರೆ ಕೈಯಿರೋನ್ನ ಕರಿಯಪ್ಪಾ, ನಾವು ಕೂತಿರ್ತೀವಿ ಎಂದರು. ಮ್ಯಾನೇಜರ್ ಬಂದರು. ಜೊತೆಗೆ ಟೀ ಬಂತು. ನಲ್ಲಸಾಮಿಯವರು ನನ್ನ ಕಿವಿಯಲ್ಲಿ, ಮುಟ್ಬೇಡಿ ಮಚ್ಚಾನ್, ಟೀ ಕುಡಿದ್ರೆ ಅರ್ಧ ಒಪ್ಕೊಂಡ ಹಾಗೆ ಎಂದರು. ನಾನು ಮುಟ್ಟಲಿಲ್ಲ.

ನಮಗೆ ತೋರಿಸಿದ ಲಾರಿಯ ಚಾಸಿಸ್ ಪ್ಲೇಟಿನ ಮೇಲೆ ತಯಾರಾದ ತಿಂಗಳು ಜನವರಿ ಎಂದಿರುವುದನ್ನು ನಾನು ನೋಡಿದ್ದೆನು. ಅದನ್ನು ಮಾತಿಗೆ ತಂದವರು ನಲ್ಲಸಾಮಿಯವರು. ಪೊಂಗಲ್‌ಗೆ ಮಾಡಿದ ಪೊಂಗಲ್ಲನ್ನ ಜೂನ್ ತಿಂಗ್ಳಲ್ಲಿ ಬಡಿಸ್ತೀರಲ್ಲ ಸ್ವಾಮಿ, ಬಿಸಿ ಅಂತ ಬೇರೆ ಹೇಳ್ತೀರಿ ಎಂದರು. ಮ್ಯಾನೇಜರ್ ನಕ್ಕರು, ಆದರೆ ಬೆಲೆ ಇಳಿಸಲಿಲ್ಲ. ನಲ್ಲಸಾಮಿಯವರು ನನ್ನ ತೋಳು ಹಿಡಿದು ಎಬ್ಬಿಸಿ ಗೇಟಿನವರೆಗೆ ನಡೆಸಿಕೊಂಡು ಹೋದರು. ಹಿಂದಿರುಗಿ ನೋಡಬೇಡಿ ಎಂದೂ ಹೇಳಿದರು. ವಿಜಯರಂಗನ್ ಓಡಿ ಬಂದನು. ರಿಯಾಯಿತಿ ಒಂದು ಲಕ್ಷದ ಮೂವತ್ತೈದು ಸಾವಿರವಾಯಿತು. ಹೆಚ್ಚಾದ ಅರವತ್ತು ಸಾವಿರ ಅವರ ಬಾಯಿಯಿಂದಲೇ ಬಂದದ್ದು. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಅನಂತರ ಹಳೆಯ ಲಾರಿಯ ಬೆಲೆಗಾಗಿ ಷೋರೂಮಿನ ಹಿಂದಿನ ಅಂಗಳಕ್ಕೆ ಹೋದೆವು. ಹಳೆಯ ಲಾರಿಗಳನ್ನು ಷೋರೂಮಿನವರು ತಾವು ಕೊಳ್ಳುವುದಿಲ್ಲ. ಕೊಳಂದವೇಲು ಎಂಬ ವ್ಯಾಪಾರಿ ಅಲ್ಲಿಯ ಹುಣಸೆ ಮರದ ಕೆಳಗೆ ಕೂತು ಅವನ್ನು ಖರೀದಿಸುತ್ತಾರೆ. ಅವರು ಮೊದಲು ದನದ ವ್ಯಾಪಾರ ಮಾಡುತ್ತಿದ್ದವರು. ಲಾರಿಯನ್ನೂ ದನದ ಸಂತೆಯ ರೀತಿಯಲ್ಲಿ, ಟವೆಲಿನ ಅಡಿಯಲ್ಲಿ ಬೆರಳು ಹಿಡಿದೇ ಬೆಲೆ ಕುದುರಿಸಿ ಖರೀದಿಸುತ್ತಾರೆ. ಸುತ್ತ ನಿಂತವರಿಗೆ ಬೆಲೆ ತಿಳಿಯುವುದಿಲ್ಲ. ಮಾಲೀಕನು ತಾನೇ ಕೈ ಹಾಕುವಂತಿಲ್ಲ. ಅವನ ಗರಜು ಬೆರಳಿನಲ್ಲೇ ಗೊತ್ತಾಗಿಬಿಡುತ್ತದೆ ಎನ್ನುತ್ತಾರೆ. ಅವನ ಪರವಾಗಿ ಇನ್ನೊಬ್ಬನು ಕೈ ಹಾಕಿ, ಪ್ರತಿಯೊಂದು ಬೆಲೆಯನ್ನೂ ಬಂದು ಮಾಲೀಕನ ಕಿವಿಯಲ್ಲಿ ಹೇಳಬೇಕು. ನನ್ನ ಕೈಯಾಗಿ ನಲ್ಲಸಾಮಿಯವರು ಹೋದರು. ಬೆಲೆಯನ್ನು ಮೊದಲೇ ಹೇಳಿದ್ದರಿಂದ, ಪದೇ ಪದೇ ಬಂದು ಕೇಳುವುದು ಬೇಡವೆಂದು ನಾನೇ ಹೇಳಿ, ಇಪ್ಪತ್ತು ಅಡಿ ದೂರದಲ್ಲಿ ಲಾರಿಯಿಂದ ನನ್ನ ಸ್ಪ್ಯಾನರುಗಳನ್ನೂ ಸ್ಟೆಪ್ನಿ ಚಕ್ರವನ್ನೂ ಇಳಿಸಿಕೊಳ್ಳುತ್ತಿದ್ದೆನು.

ಟವೆಲಿನ ಅಡಿಯಲ್ಲಿ ಸುಮಾರು ಹತ್ತು ನಿಮಿಷ ಕೈಗಳಿದ್ದವು. ಕೊಳಂದವೇಲು ಒಮ್ಮೆ, ಏನಯ್ಯಾ, ನನ್ನ ಬೆರಳು ಮುರೀಬೇಕು ಅಂತಿದ್ಯಾ ಎಂದು ಕೂಗಿದರು. ನಲ್ಲಸಾಮಿಯವರು, ಮುರಿದ್ರೆ ಕಟ್ಟಿಸ್ಕೊಡ್ತೀನಿ ಅಣ್ಣಾ, ಬೆಲೆ ಮಾತ್ರ ಮುರೀಬೇಡಿ ಎಂದರು. ಬಳಿಕ ಬಂದು, ಆರಿಪ್ಪತ್ತು ಮಚ್ಚಾನ್, ನೀವು ಹೇಳಿದ ಹಾಗೇ ಎಂದರು. ನನ್ನ ಲೆಕ್ಕ ಸರಿಯಾಗಿ ಬಂದದ್ದರಿಂದ ನನಗೆ ಸಂತೋಷವಾಯಿತು. ಹಣವನ್ನು ಕೊಳಂದವೇಲು ನನ್ನ ಹೆಸರಿನಲ್ಲಿ ಷೋರೂಮಿಗೆ ಕಟ್ಟಿದರು. ಹನ್ನೊಂದೂ ನಲವತ್ತಕ್ಕೆ ಹೊಸ ಲಾರಿ ಬುಕ್ ಆಯಿತು. ತಂಗಿ ಅದಕ್ಕೆ ಕರ್ಪೂರ ಬೆಳಗಿದಳು.

ನಾವು ಹೊರಡುವಾಗ ಕೊಳಂದವೇಲು ಲಾರಿಯ ಸುತ್ತ ನಡೆದು ನೋಡಿ, ಸ್ಟೆಪ್ನಿ ಇಲ್ಲದಿರುವುದನ್ನು ಕಂಡು ಸಿಟ್ಟಾದರು. ಅಂಗಳದ ಎಲ್ಲರಿಗೂ ಕೇಳುವಂತೆ, ಏಳೂ ಅರವತ್ತು ಎಣಿಸಿದೋನಿಗೆ ಒಂದು ಸ್ಟೆಪ್ನಿ ಬಿಡೋಕಾಗಲ್ವಾ ನಿಮ್ ಕೈಲಿ, ಅದನ್ನೇನು ಮಗಳ ಮದುವೆಗೆ ಬಳುವಳಿ ಕೊಡ್ತೀರಾ ಎಂದರು. ನಾನು, ಎಷ್ಟು ಎಂದು ಕೇಳಿದೆನು. ಅವರು, ಏಳು ಲಕ್ಷ ಅರವತ್ತು, ಆರಿಪ್ಪತ್ತು ಷೋರೂಮಿಗೆ, ಒಂದು ನಲವತ್ತು ಕೈಗೆ, ನೀವೇ ಹಾಗೆ ಕೇಳಿದ್ರಂತಲ್ಲಾ ಎಂದರು. ನಾನು ಸ್ಟೆಪ್ನಿಯನ್ನು ಉರುಳಿಸಿಕೊಂಡು ಹೋಗಿ ಅವರ ಮುಂದೆ ಇಟ್ಟೆನು.

ಗೇಟಿನ ಹೊರಗೆ ನಲ್ಲಸಾಮಿಯವರನ್ನು, ನಿಜವೇ ಮಾಪ್ಳೆ ಎಂದು ಕೇಳಿದೆನು. ಅವರು ನಿಜವೆಂದರು. ಹಣ ಅವರ ಅಂಗಿಯ ಒಳಜೇಬಿನಲ್ಲಿತ್ತು. ಆ ಅಂಗಿಯನ್ನು ಕಳೆದ ದೀಪಾವಳಿಗೆ ನಾನು ತೆಗೆದುಕೊಟ್ಟಿದ್ದೆನು. ಅವರು ಹೇಳಿದ್ದೇನೆಂದರೆ, ಆರಿಪ್ಪತ್ತು ಅಂತ ಬೆಲೆ ಕಟ್ಟಿದ್ದು ನೀವು. ಆರಿಪ್ಪತ್ತು ನಿಮಗೆ ಬಂತು. ಮಿಕ್ಕಿದ್ದು ನನ್ನ ಬೆರಳು ದುಡಿದಿದ್ದು. ನಿಮ್ದು ಒಂದು ಪೈಸೆ ಹೋಗಿದ್ರೆ ತೋರ್ಸಿ ಮಚ್ಚಾನ್, ಈಗ್ಲೇ ಕೊಡ್ತೀನಿ ಎಂದು. ನಾನು ತೋರಿಸಲಿಲ್ಲ. ತಂಗಿಯ ಕಡೆಗೆ ನೋಡಿದೆನು. ಅವಳು ಕರ್ಪೂರದ ತಟ್ಟೆಯನ್ನು ಸೆರಗಿನಿಂದ ಒರೆಸುತ್ತಿದ್ದಳು. ಅವಳಿಗೆ ಮೊದಲೇ ತಿಳಿದಿತ್ತೆಂದು ನನಗೆ ಆಗ ಗೊತ್ತಾಯಿತು. ಹಣ ಬೇಕಿದ್ದರೆ ನನ್ನನ್ನು ಕೇಳಬಹುದಿತ್ತಲ್ಲ ಎಂದು ಅವಳಿಗೆ ಹೇಳಿದೆನು. ಅವಳು, ಕೇಳಿದ್ರೆ ನೀನು ಲೆಕ್ಕ ಹಾಕ್ತಿದ್ದೆ ಅಣ್ಣಾ ಎಂದಳು. ಅವರಿಬ್ಬರೂ ಬಸ್ಸಿನಲ್ಲಿ ಹೋದರು. ನಾನು ಮನೆಗೆ ಮೂರು ಕಿಲೋಮೀಟರ್ ನಡೆದು ಬಂದೆನು.

ದಿನಾಂಕ 13ರಂದು ನಮ್ಮ ಕುಲದ ಹಿರಿಯರಾದ ಅಣ್ಣಾಮಲೈ ಗೌಂಡರ್ ಅವರ ಮನೆಯಲ್ಲಿ ಮಾತುಕತೆ ಆಯಿತು. ಅವರು, ಮನೆಯ ಅಕ್ಕಿ ಮನೆಯ ಕೋಳಿಯೇ ತಿಂದಿದೆ, ಬೀದಿಗೆ ಯಾಕೆ ತರ್ತೀಯ ಸೆಂಗೋಡಾ ಎಂದರು. ನಲ್ಲಸಾಮಿಯವರು ಅರ್ಧ ಹಣ ಕೊಡುವುದಾಗಿಯೂ, ಹೊಸ ಲಾರಿಯನ್ನು ಮೊದಲಿನಂತೆ ತಾವೇ ಓಡಿಸುವುದಾಗಿಯೂ ಹೇಳಿದರು. ನಾನು ಎರಡಕ್ಕೂ ಒಪ್ಪಲಿಲ್ಲ. ಹೊಸ ಲಾರಿಗೆ ಓಮಲೂರಿನ ಒಬ್ಬ ಚಾಲಕನನ್ನು ಗೊತ್ತು ಮಾಡಿರುತ್ತೇನೆ. ಅವನ ಬಗ್ಗೆ ನನಗೆ ಏನೂ ತಿಳಿಯದು.

ಈ ದಿನ ಬೆಳಿಗ್ಗೆ ನಾನು ಬಾಯಿಮಾತಿನಲ್ಲಿ ದೂರು ಹೇಳಿದ ಮೇಲೆ ಠಾಣೆಯಿಂದ ಕರೆಸಿ ವಿಚಾರಿಸಿದಾಗ ಕೊಳಂದವೇಲು, ತಾನು ಕೊಟ್ಟದ್ದು ಆರು ಲಕ್ಷದ ಇಪ್ಪತ್ತು ಸಾವಿರ ಮಾತ್ರವೆಂದೂ, ಬೇರೆ ಹಣ ಯಾರ ಕೈಗೂ ಕೊಟ್ಟಿಲ್ಲವೆಂದೂ ನನ್ನ ಎದುರಿಗೇ ಹೇಳಿರುತ್ತಾರೆ. ಅಂಗಳದಲ್ಲಿ ಕೂಗಿದ್ದನ್ನು ನೆನಪಿಸಿದ್ದಕ್ಕೆ, ವ್ಯಾಪಾರದಲ್ಲಿ ಬಾಯಿಗೆ ಬಂದದ್ದನ್ನೆಲ್ಲ ಎಣಿಸೋಕಾಗುತ್ತಾ ಸಾರ್ ಎಂದರು. ಕೈಯಿಂದ ಕೊಟ್ಟ ಹಣಕ್ಕೆ ರಸೀದಿಯಿಲ್ಲ. ಅಂಗಳದಲ್ಲಿದ್ದವರೆಲ್ಲ ಅವರ ಬಳಿ ಕೂಲಿ ಮಾಡುವವರು. ಆದುದರಿಂದ ನನ್ನ ದೂರಿಗೆ ಸಾಕ್ಷಿ ಯಾರು ಎಂದು ಸಬ್ ಇನ್ಸ್‌ಪೆಕ್ಟರ್ ಅವರು ನನ್ನನ್ನು ಕೇಳಿದರು. ಸಾಕ್ಷಿಯಿಲ್ಲದಿದ್ದರೆ ದೂರು ನಿಲ್ಲುವುದಿಲ್ಲವೆಂದೂ, ವಾಪಸು ತೆಗೆದುಕೊಳ್ಳುವುದು ಒಳ್ಳೆಯದೆಂದೂ ಹೇಳಿದರು.

ವಾಪಸು ತೆಗೆದುಕೊಳ್ಳುವುದಿಲ್ಲವೆಂದು ತಿಳಿಸಿರುತ್ತೇನೆ. ನನ್ನ ಪರವಾಗಿ ಹೋದ ಕೈಗೆ ಬಂದ ಬೆಲೆ ಪೂರ್ತಿಯಾಗಿ ನನ್ನದು. ನಾನು ಕಡಿಮೆ ಕಟ್ಟಿದ್ದೆನೆಂಬ ಕಾರಣಕ್ಕೆ ಮಿಕ್ಕದ್ದು ಬೇರೊಬ್ಬರದಾಗುವುದಿಲ್ಲ. ಒಂದು ಲಕ್ಷದ ನಲವತ್ತು ಸಾವಿರ ರೂಪಾಯಿಗಳನ್ನು ವಂಚಿಸಿದ್ದಕ್ಕಾಗಿ ನಲ್ಲಸಾಮಿಯವರ ಮೇಲೆ ಕಾನೂನು ಪ್ರಕಾರ ಕ್ರಮ ಜರುಗಿಸಬೇಕೆಂದು ಕೋರುತ್ತೇನೆ.

ನನ್ನ ಕಡೆಯ ಸಾಕ್ಷಿಯಾಗಿ ನಲ್ಲಸಾಮಿಯವರ ಹೆಸರನ್ನೇ ಬರೆದುಕೊಳ್ಳಬೇಕು. ಅವರನ್ನು ಕರೆಸಿ, ಎಷ್ಟಕ್ಕೆ ಬೆರಳು ಹಿಡಿದಿರಿ ಎಂದು ನೇರವಾಗಿ ಕೇಳಿದರೆ ಸಾಕು. ಸುಳ್ಳು ಹೇಳುವುದಿಲ್ಲ. ಇದನ್ನು ಬರೆದುಕೊಳ್ಳುತ್ತಿರುವ ಹೆಡ್ ಕಾನ್ಸ್‌ಟೇಬಲ್ ಅವರು, ಆರೋಪಿಯನ್ನೇ ಸಾಕ್ಷಿ ಅಂತೀರಲ್ಲ, ಅಷ್ಟು ನಂಬಿಕೆಯಿದ್ರೆ ಕೇಸ್ ಯಾಕೆ ಸಾರ್ ಎಂದು ಕೇಳಿದರು. ಬರೆಯಿರಿ ಎಂದು ಹೇಳಿದೆನು.

ಈ ಹೇಳಿಕೆಯನ್ನು ನನಗೆ ಎರಡು ಸಲ ಓದಿ ಹೇಳಲಾಗಿದೆ. ನಾನು ಹೇಳಿದಂತೆಯೇ ಇದೆ, ಸತ್ಯವಾಗಿದೆ, ತಿದ್ದುವುದು ಏನೂ ಇಲ್ಲ.

ಸ್ಥಳ: ಸಂಕಗಿರಿ
ದಿನಾಂಕ: 14-06-2019

(ಸಹಿ)
ಅ. ಸೆಂಗೋಡನ್